ಕೂಸಿನ ಅಳುವಿಗೆ ಅಫೀಮು: ಗಿರಣಿಯ ದಿನಗಳಿಂದ ಕೂಸಿನ ಮನೆಯವರೆಗೆ

ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದರೆ ಕಮಲಾಪುರಕ್ಕಿಂತ ಮೊದಲೇ ಮಹಾಗಾಂವ ಕ್ರಾಸ್ ಸಿಗುತ್ತದೆ. ಸುತ್ತ ತೊಗರಿ, ಜೋಳ, ಕಡಲೆಯ ಹೊಲಗಳು. ತೊಗರಿ ಕಟಾವಿನ ಕಾಲ ಬಂತೆಂದರೆ ಹೆಣ್ಣಾಳುಗಳಿಗೆ ಬಿಡುವಿಲ್ಲ. ಹಡೆದು ನಾಲ್ಕೈದು ತಿಂಗಳಾದ ತಾಯಿಯೂ ಕೂಲಿಗೆ ಹೊರಡಲೇಬೇಕಾದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ: ಕೂಸನ್ನು ಯಾರು ನೋಡಿಕೊಳ್ಳಬೇಕು? ಅಜ್ಜಿ ಇದ್ದರೆ ಅಜ್ಜಿ. ಅಜ್ಜಿ ಇಲ್ಲದಿದ್ದರೆ ದೊಡ್ಡ ಮಗಳ ಶಾಲೆ ತಪ್ಪುತ್ತದೆ. ಅವಳೂ ಇಲ್ಲದಿದ್ದರೆ ಹೊಲದ ಬೇವಿನ ಮರಕ್ಕೆ ಹಳೆ ಸೀರೆಯ ಜೋಳಿಗೆ ಕಟ್ಟಬೇಕು.

ನೂರು ವರ್ಷದ ಹಿಂದೆ ನಮ್ಮ ದೇಶದ ಗಿರಣಿ ಊರುಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ಉತ್ತರವಿತ್ತು. ಅದು ಒಂದು ಸಣ್ಣ ಗುಳಿಗೆ, ಒಳಗಿದ್ದದ್ದು ಅಫೀಮು. ಇವತ್ತು ಅಫೀಮು ಜಾತಿಯ ಔಷಧ ಅಥವಾ ಅಮಲು ಪದಾರ್ಥಕ್ಕೆ ಒಗ್ಗಿದ ತಾಯಂದಿರ ಶಿಶುಗಳನ್ನು ಹೇಗೆ ಆರೈಕೆ ಮಾಡಬೇಕು ಎಂಬ ಚರ್ಚೆ ಜಗತ್ತಿನ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ. ಆ ಚರ್ಚೆ ಅರ್ಥವಾಗಬೇಕಾದರೆ ಈ ಗುಳಿಗೆಯ ಕಥೆ ತಿಳಿದಿರಬೇಕು. ಎರಡೂ ಕಡೆ ಕೇಳಿಸುವುದು ಒಂದೇ ಅಳು.

ಬಾಳಗೋಳಿ

ಮುಂಬೈ ಗಿರಣಿ ಕಾರ್ಮಿಕರ ಚಾಳುಗಳಲ್ಲಿ ಇದಕ್ಕೆ 'ಬಾಳಗೋಳಿ' ಎಂದು ಹೆಸರು. ಮರಾಠಿಯಲ್ಲಿ ಹಾಗೆಂದರೆ ಕೂಸಿನ ಗುಳಿಗೆ ಎಂದರ್ಥ. ಕೆಲಸಕ್ಕೆ ಹೋಗುವ ಮುನ್ನ ತಾಯಿ ಅದನ್ನು ಕೂಸಿಗೆ ಕೊಡುತ್ತಿದ್ದಳು. ಕೂಸು ದಿನವಿಡೀ ಮಂಪರಿನಲ್ಲಿ ಮಲಗಿರುತ್ತಿತ್ತು.

1920ರ ದಶಕದ ಆರಂಭದಲ್ಲಿ ಡಾ. ಬಾರ್ನ್ಸ್ ಎಂಬ ವೈದ್ಯೆ ಮುಂಬೈ ಗಿರಣಿಗಳ ಹೆಣ್ಣುಮಕ್ಕಳ ಬಾಣಂತನದ ಸ್ಥಿತಿಗತಿಯನ್ನು ಸರ್ಕಾರದ ಪರವಾಗಿ ಪರಿಶೀಲಿಸಿದರು. 1922ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಗಿರಣಿಯಲ್ಲಿ ದುಡಿಯುವ ತಾಯಂದಿರ ಶಿಶುಗಳಲ್ಲಿ ಶೇ. 98ರಷ್ಟಕ್ಕೆ ಅಫೀಮು ಕೊಡಲಾಗುತ್ತಿತ್ತು. ನೂರರಲ್ಲಿ ತೊಂಬತ್ತೆಂಟು ತಾಯಂದಿರು ಮಾಡುತ್ತಿದ್ದರು ಎಂದಮೇಲೆ ಇದನ್ನು ಯಾರೋ ಒಬ್ಬಳ ನಿರ್ಲಕ್ಷ್ಯ ಎಂದು ಕರೆಯಲಾಗದು. ದುಡಿಮೆಯ ವ್ಯವಸ್ಥೆಯೇ ಅವರನ್ನು ಅಲ್ಲಿಗೆ ತಂದು ನಿಲ್ಲಿಸಿತ್ತು.

ಆ ವ್ಯವಸ್ಥೆ ಹೇಗಿತ್ತು ನೋಡಿ. ಹೆಂಗಸರ ದುಡಿಮೆಗೆ ದಿನಕ್ಕೆ 11 ಗಂಟೆಯ ಮಿತಿ ಹಾಕಿದ್ದು 1891ರ ಕಾರ್ಖಾನೆ ಕಾಯ್ದೆ. ಅಂದರೆ ಮಿತಿ ಹಾಕಿದ ಮೇಲೂ 11 ಗಂಟೆ! ಹೆರಿಗೆ ರಜೆಗೆ ಸಂಬಳವಿಲ್ಲ. ಊರಿನ ಅಜ್ಜಿ ಊರಲ್ಲೇ ಉಳಿದಿದ್ದಾಳೆ. ಚಾಳಿನ ಒಂದೇ ಕೋಣೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರು ಮಲಗಿದ್ದಾರೆ. ಕೂಸು ಅತ್ತರೆ ಎತ್ತಿಕೊಳ್ಳುವ ಕೈಯೇ ಇಲ್ಲ.

ಕೂಸು ಅತ್ತರೇ ತಾಯಿ ಹಾಲು ಕೊಡುವುದು ಎನ್ನುತ್ತಾರೆ ನಮ್ಮ ಹಿರಿಯರು. ಕೂಸಿಗೆ ಇರುವ ಒಂದೇ ಭಾಷೆ ಅಳು. ಅಫೀಮು ಕಸಿದುಕೊಳ್ಳುತ್ತಿದ್ದದ್ದು ಅದನ್ನೇ. ಮಂಪರಿನಲ್ಲಿರುವ ಕೂಸು ಹಸಿವಾದರೂ ಕೇಳುವುದಿಲ್ಲ, ಹಾಲು ಕಡಿಮೆ ಕುಡಿಯುತ್ತದೆ, ಮಲಬದ್ಧತೆಯಿಂದ ನರಳುತ್ತದೆ, ಬಡಕಲಾಗುತ್ತದೆ. ಗುಳಿಗೆ ಸ್ವಲ್ಪ ಹೆಚ್ಚಾದರೆ ಉಸಿರು ನಿಧಾನವಾಗಿ ಪ್ರಾಣವೇ ಹೋಗಬಹುದು. ಒಗ್ಗಿದ ಮೇಲೆ ಒಂದು ದಿನ ಕೊಡದಿದ್ದರೆ ಕೂಸು ಚೀರಿ ಚೀರಿ ಅಳುತ್ತದೆ, ನಡುಗುತ್ತದೆ, ಭೇದಿಯಾಗುತ್ತದೆ. ಇನ್ನೊಂದು ಗುಳಿಗೆ ಕೊಟ್ಟರೆ ಸುಮ್ಮನಾಗುತ್ತದೆ. ಗುಳಿಗೆ ಕೂಸಿಗೆ ಹಿಡಿಸುತ್ತಿದೆ ಎಂದೇ ತಾಯಿಗೆ ಅನಿಸುತ್ತದೆ.

ಇದು ನಮ್ಮ ದೇಶದ ಬಡವರ ಮೌಢ್ಯ ಎಂದು ಅಂದಿನ ಅನೇಕ ಆಂಗ್ಲ ಅಧಿಕಾರಿಗಳು ಭಾವಿಸಿದ್ದರು. ಅವರ ದೇಶದ ಕಥೆಯೂ ಬೇರೆಯಾಗಿರಲಿಲ್ಲ. ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ 'ಗಾಡ್‌ಫ್ರೀಸ್ ಕಾರ್ಡಿಯಲ್' ಎಂಬ ಅಫೀಮಿನ ಸಿರಪ್ಪು ಮಕ್ಕಳಿಗೆ ಧಾರಾಳವಾಗಿ ಸಿಗುತ್ತಿತ್ತು. ಫ್ರೆಡರಿಕ್ ಎಂಗೆಲ್ಸ್ 1845ರಲ್ಲೇ ಅದರ ಬಗ್ಗೆ ಬರೆದಿದ್ದಾರೆ. ಅಮೆರಿಕದಲ್ಲಿ 'ಮಿಸೆಸ್ ವಿನ್ಸ್ಲೋಸ್ ಸೂದಿಂಗ್ ಸಿರಪ್' ಎಂಬ ಮಾರ್ಫಿನ್ ಬೆರೆತ ಔಷಧ ದಶಕಗಳ ಕಾಲ ಹಲ್ಲು ಬರುವ ಕೂಸುಗಳ ಹೆಸರಿನಲ್ಲಿ ಮಾರಾಟವಾಯಿತು. ಗಿರಣಿಯ ಸೈರನ್ನು ಎಲ್ಲೆಲ್ಲಿ ಕೂಗಿತೋ ಅಲ್ಲೆಲ್ಲ ಕೂಸನ್ನು ಮಲಗಿಸುವ ಔಷಧವೂ ಹಿಂದೆಯೇ ಬಂತು.

ನಮ್ಮ ಹಳಿ, ನಮ್ಮ ಗಿರಣಿ

ಮುಂಬೈ ನಮಗೆ ದೂರದ ಊರಾಗಿರಲಿಲ್ಲ. 1871ರಲ್ಲಿ ಮುಂಬೈ ಮತ್ತು ಮದ್ರಾಸ್ ಕಡೆಯ ರೈಲು ಹಳಿಗಳು ರಾಯಚೂರಿನಲ್ಲಿ ಕೂಡಿಕೊಂಡವು. ಆ ದಾರಿಯಲ್ಲೇ ಸೋಲಾಪುರ, ಆ ದಾರಿಯಲ್ಲೇ ಕಲಬುರಗಿ. ಸೋಲಾಪುರದ ಗಿರಣಿಗಳಿಗೆ, ಮುಂಬೈಗೆ ನಮ್ಮ ಭಾಗದ ಜನ ದುಡಿಯಲು ಹೋದರು. 1880ರ ದಶಕದಲ್ಲಿ ಕಲಬುರಗಿಗೂ ಗಿರಣಿ ಬಂತು. ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಹೆಸರಿನ ಆ ಗಿರಣಿಯನ್ನು ನಾವು ಇಂದಿಗೂ ಎಂ.ಎಸ್.ಕೆ. ಮಿಲ್ ಎನ್ನುತ್ತೇವೆ. ಗಿರಣಿ ನಿಂತು ವರ್ಷಗಳೇ ಕಳೆದರೂ ಬಡಾವಣೆಯ ಹೆಸರಾಗಿ ಅದು ಉಳಿದಿದೆ.

ಅಫೀಮು ಆಗ ಕದ್ದು ಮಾರುವ ಸರಕಲ್ಲ. ಬ್ರಿಟಿಷ್ ಭಾರತದಲ್ಲಿ 1878ರ ಅಫೀಮು ಕಾಯ್ದೆಯಡಿ ಪರವಾನಗಿ ಪಡೆದ ಅಂಗಡಿಗಳಲ್ಲಿ ಅದು ಸಿಗುತ್ತಿತ್ತು, ಸರ್ಕಾರಕ್ಕೆ ಅದು ಆದಾಯ. ಈ ವ್ಯಾಪಾರದ ವಿರುದ್ಧ ಇಂಗ್ಲೆಂಡಿನಲ್ಲೇ ಕೂಗು ಎದ್ದಾಗ 1893ರಲ್ಲಿ ರಾಯಲ್ ಕಮಿಷನ್ ನೇಮಕವಾಯಿತು. ಮಕ್ಕಳಿಗೆ ಅಫೀಮು ಕೊಡುವ ರೂಢಿಯ ಬಗ್ಗೆಯೂ ಅದರ ಮುಂದೆ ಸಾಕ್ಷ್ಯ ಬಂತು. ಆದರೆ 1895ರ ವರದಿ ಅಫೀಮನ್ನು ನಿಷೇಧಿಸುವ ಅಗತ್ಯ ಕಾಣುವುದಿಲ್ಲ ಎಂದು ಹೇಳಿ ಮುಗಿಸಿತು. ಮೂವತ್ತು ವರ್ಷಗಳ ನಂತರ, 1926ರಲ್ಲಿ, ಗಾಂಧೀಜಿಯವರ ಒಡನಾಡಿ ಸಿ.ಎಫ್. ಆಂಡ್ರ್ಯೂಸ್ ಈ ವ್ಯಾಪಾರವನ್ನು ಖಂಡಿಸಿ ಪುಸ್ತಕ ಬರೆದರು.

1929ರಲ್ಲಿ ನೇಮಕವಾಗಿ 1931ರಲ್ಲಿ ವರದಿ ಕೊಟ್ಟ ವಿಟ್ಲಿ ಕಮಿಷನ್ ಕಾರ್ಮಿಕರ ಬದುಕನ್ನು ನೋಡಿತು. ತಾಯಂದಿರು ದುಡಿಯುವ ಕಡೆ ಮಕ್ಕಳಿಗೊಂದು ಜಾಗ ಬೇಕು ಎಂಬ ಮಾತು ಅದರ ಶಿಫಾರಸುಗಳಲ್ಲಿತ್ತು. ಸ್ವಾತಂತ್ರ್ಯದ ನಂತರ 1948ರ ಕಾರ್ಖಾನೆ ಕಾಯ್ದೆಯ 48ನೇ ಕಲಂ 50ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೋಣೆ ಕಡ್ಡಾಯ ಎಂದಿತು. 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. 1961ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ಬಂತು. ಇನ್ನೊಂದು ಕಡೆ, ಔಷಧಕ್ಕಲ್ಲದ ಅಫೀಮಿನ ಮಾರಾಟವನ್ನು ಹಂತಹಂತವಾಗಿ ನಿಲ್ಲಿಸಲು 1949ರಲ್ಲಿ ತೀರ್ಮಾನವಾಗಿ, 1959ಕ್ಕೆ ಆ ಅಂಗಡಿಗಳ ಕಾಲ ಮುಗಿಯಿತು.

ಇಲ್ಲಿ ಎರಡು ಕೆಲಸ ನಡೆದವು. ಒಂದು ಅಂಗಡಿ ಮುಚ್ಚಿದ್ದು, ಇನ್ನೊಂದು ತಾಯಿಗೆ ರಜೆ ಮತ್ತು ಕೂಸಿಗೆ ಜಾಗ ಕೊಟ್ಟದ್ದು. ಮೊದಲನೆಯದನ್ನು ಮಾತ್ರ ಮಾಡಿದ್ದರೆ ತಾಯಿಯ ಮುಂದಿದ್ದ ಪ್ರಶ್ನೆ ಹಾಗೇ ಉಳಿಯುತ್ತಿತ್ತು.

ಗರ್ಭದಲ್ಲೇ ಒಗ್ಗಿದ ಕೂಸು

ಈಗಿನ ಸಮಸ್ಯೆಯ ರೂಪ ಬೇರೆ. ಹೆರಾಯಿನ್ ಆಗಲಿ, ಟ್ರಮಡಾಲ್‌ನಂಥ ನೋವಿನ ಮಾತ್ರೆಯಾಗಲಿ, ಕೊಡೀನ್ ಇರುವ ಕೆಮ್ಮಿನ ಸಿರಪ್ಪಾಗಲಿ, ಎಲ್ಲವೂ ಅಫೀಮಿನ ಬಳಗಕ್ಕೆ ಸೇರಿದವೇ. ಗರ್ಭಿಣಿ ಇವುಗಳನ್ನು ದಿನಾಲೂ ತೆಗೆದುಕೊಂಡರೆ ಮಾಸಿನ ಮೂಲಕ ಕೂಸಿಗೂ ಸೇರುತ್ತವೆ. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಆ ಪೂರೈಕೆ ನಿಲ್ಲುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳಲ್ಲಿ ಹಿಂತೆಗೆತದ ಲಕ್ಷಣ ಕಾಣಿಸುತ್ತವೆ: ಕೀರಲು ದನಿಯ ಅಳು, ನಡುಕ, ಮತ್ತೆ ಮತ್ತೆ ಸೀನು, ವಾಂತಿ, ಭೇದಿ, ನಿದ್ದೆ ಇಲ್ಲದಿರುವುದು, ಮೊಲೆ ಸರಿಯಾಗಿ ಹಿಡಿಯದಿರುವುದು. ಕೆಲವು ಕೂಸುಗಳಿಗೆ ಫಿಟ್ಸ್ ಕೂಡ ಬರಬಹುದು. ಇದು ಕೂಸಿನ ಚಟವಲ್ಲ. ಒಂದು ಪದಾರ್ಥಕ್ಕೆ ಹೊಂದಿಕೊಂಡ ಪುಟ್ಟ ದೇಹ ಅದಿಲ್ಲದೆ ಬದುಕಲು ಕಲಿಯುತ್ತಿದೆ ಅಷ್ಟೆ.

1975ರಲ್ಲಿ ಅಮೆರಿಕದ ಡಾ. ಲೊರೆಟ್ಟಾ ಫಿನೆಗನ್ ಮತ್ತು ಅವರ ತಂಡ ಈ ಲಕ್ಷಣಗಳಿಗೆ ಅಂಕ ಕೊಡುವ ಪದ್ಧತಿಯೊಂದನ್ನು ರೂಪಿಸಿದರು. ಅಂಕ ಏರಿದರೆ ಮಾರ್ಫಿನ್‌ನಂಥ ಔಷಧವನ್ನು ಅಳೆದು ಕೊಟ್ಟು, ನಿಧಾನವಾಗಿ ಇಳಿಸುತ್ತ ಬರುವುದು. ಎಷ್ಟೋ ಕೂಸುಗಳ ಜೀವ ಉಳಿಸಿದ ಪದ್ಧತಿ ಇದು. ಆದರೆ ಹಲವು ಆಸ್ಪತ್ರೆಗಳಲ್ಲಿ ಕೂಸು ತೀವ್ರ ನಿಗಾ ಘಟಕದ ಬೆಳಕು, ಸದ್ದಿನ ನಡುವೆ ವಾರಗಟ್ಟಲೆ ಉಳಿಯಿತು. ತಾಯಿ ಹೊರಗೆ ಕಾಯುತ್ತ ಕೂತಳು.

ಮುಂದೆ ಯೇಲ್ ವಿಶ್ವವಿದ್ಯಾಲಯದ ಡಾ. ಮ್ಯಾಥ್ಯೂ ಗ್ರಾಸ್ಮನ್ ಮತ್ತು ಅವರ ಸಂಗಡಿಗರು ಅಂಕಪಟ್ಟಿ ಪಕ್ಕಕ್ಕಿಟ್ಟು ಮೂರೇ ಪ್ರಶ್ನೆ ಕೇಳಿದರು. ಕೂಸು ಹೊಟ್ಟೆ ತುಂಬ ಹಾಲು ಕುಡಿಯುತ್ತಿದೆಯೇ? ಒಂದಿಷ್ಟು ಹೊತ್ತು ನಿದ್ದೆ ಮಾಡುತ್ತಿದೆಯೇ? ಎತ್ತಿಕೊಂಡು ಸಮಾಧಾನ ಮಾಡಿದರೆ ಅಳು ನಿಲ್ಲಿಸುತ್ತಿದೆಯೇ? ಮೊದಲ ಚಿಕಿತ್ಸೆ ತಾಯಿಯ ಮಡಿಲು, ಎದೆಹಾಲು, ಮಂದ ಬೆಳಕು, ಶಾಂತ ಕೋಣೆ. ಇಷ್ಟರಿಂದ ಆಗದಿದ್ದಾಗ ಮಾತ್ರ ಔಷಧ. ಅಮೆರಿಕದ 26 ಆಸ್ಪತ್ರೆಗಳಲ್ಲಿ 1,305 ಶಿಶುಗಳ ಮೇಲೆ ನಡೆದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಹಳೆಯ ಪದ್ಧತಿಯಲ್ಲಿ ಕೂಸು ಮನೆಗೆ ಹೋಗುವಷ್ಟು ಚೇತರಿಸಿಕೊಳ್ಳಲು ಸರಾಸರಿ 14.9 ದಿನ ಬೇಕಾಗಿದ್ದರೆ ಹೊಸ ಪದ್ಧತಿಯಲ್ಲಿ 8.2 ದಿನ ಸಾಕಾಯಿತು. ಔಷಧ ಬೇಕಾದ ಕೂಸುಗಳ ಪ್ರಮಾಣ ಶೇ. 52ರಿಂದ ಶೇ. 19.5ಕ್ಕೆ ಇಳಿಯಿತು.

ನೂರು ವರ್ಷದ ಹಿಂದೆ ಎತ್ತಿಕೊಳ್ಳುವ ಕೈ ಇಲ್ಲದ್ದಕ್ಕೆ ಅಫೀಮು ಬಂದಿತ್ತು. ಈಗ ಎತ್ತಿಕೊಳ್ಳುವ ಕೈ ಸಿಕ್ಕಿದ್ದಕ್ಕೆ ಅದೇ ಬಳಗದ ಔಷಧದ ಅಗತ್ಯ ತಗ್ಗಿತು.

ತಾಯಿಯನ್ನು ಹೊರಗಿಟ್ಟರೆ

ತಾಯಿಯ ಮೇಲೆ ಕೇಸು ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಎಲ್ಲ ಕಡೆ ಇದ್ದಾರೆ. ಅಮೆರಿಕದ ಟೆನೆಸೀ ರಾಜ್ಯ 2014ರಲ್ಲಿ ಅಂಥ ಕಾನೂನನ್ನೇ ತಂದಿತು. ಜೈಲಿನ ಭಯಕ್ಕೆ ಗರ್ಭಿಣಿಯರು ಆಸ್ಪತ್ರೆಯಿಂದಲೇ ದೂರ ಉಳಿಯುತ್ತಾರೆ ಎಂದು ವೈದ್ಯರು ಎಚ್ಚರಿಸಿದರು. 2016ರಲ್ಲಿ ಆ ಕಾನೂನು ಮುಂದುವರಿಯದೆ ಕೊನೆಗೊಂಡಿತು. ನಮ್ಮ 1985ರ ಮಾದಕ ವಸ್ತು ಕಾಯ್ದೆ ಕಠಿಣವಾದದ್ದು ನಿಜ. ಆದರೆ ವ್ಯಸನಿಯೊಬ್ಬರು ತಾವಾಗಿ ಚಿಕಿತ್ಸೆಗೆ ಮುಂದೆ ಬಂದರೆ ರಕ್ಷಣೆ ಕೊಡುವ 64ಎ ಕಲಂ ಅದರಲ್ಲೇ ಇದೆ. ಅದು ಎಷ್ಟು ಮನೆಗಳಿಗೆ ಗೊತ್ತು?

ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. ದೇಶದ ಜನರಲ್ಲಿ ಸುಮಾರು ಶೇ. 2.1ರಷ್ಟು ಮಂದಿ ಅಫೀಮು ಬಳಗದ ಪದಾರ್ಥ ಬಳಸುತ್ತಾರೆ ಎಂದು ಅದು ಹೇಳಿತು. ಅವರಲ್ಲಿ ಹೆಚ್ಚಿನವರು ಗಂಡಸರು. ಆದರೆ ಬಳಸುವ ಹೆಂಗಸು ಇನ್ನಷ್ಟು ಮುಚ್ಚಿಡುತ್ತಾಳೆ. ಗರ್ಭಿಣಿಯಾದರಂತೂ ಬಾಯಿ ಬಿಡುವುದೇ ಇಲ್ಲ.

ಮುಚ್ಚಿಟ್ಟರೆ ಅಪಾಯ ಎರಡು ಬಗೆ. ವೈದ್ಯರಿಗೆ ತಿಳಿಯದೆ ಕೂಸನ್ನು ಬೇಗ ಮನೆಗೆ ಕಳಿಸಿಬಿಡಬಹುದು. ಇಲ್ಲವೇ ಮನೆಯವರು 'ಇವತ್ತಿನಿಂದ ಬಿಟ್ಟುಬಿಡು' ಎಂದು ಗರ್ಭಿಣಿಯನ್ನು ಒತ್ತಾಯಿಸಬಹುದು. ಹಾಗೆ ಒಮ್ಮೆಲೇ ಬಿಡಿಸುವುದು ಗರ್ಭಕ್ಕೇ ಕೇಡು. ವೈದ್ಯರ ನಿಗಾದಲ್ಲಿ ಮೆಥಡೋನ್ ಅಥವಾ ಬುಪ್ರೆನಾರ್ಫಿನ್ ಕೊಟ್ಟು ತಾಯಿಯನ್ನು ಸ್ಥಿರವಾಗಿಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2014ರ ಸಲಹೆ. ಮೊಲೆಯೂಡಿಸುವುದನ್ನೂ ಅದು ಪ್ರೋತ್ಸಾಹಿಸುತ್ತದೆ. ಯಾವ ತಾಯಿಗೆ ಅದು ಬೇಡ ಎಂಬುದನ್ನು ವೈದ್ಯರು ನೋಡಿ ಹೇಳಬೇಕು.

ತಾಯಿ ಮತ್ತು ಕೂಸನ್ನು ಒಟ್ಟಿಗೇ ಇಟ್ಟು ಚಿಕಿತ್ಸೆ ಕೊಡುವುದು ಕರ್ನಾಟಕಕ್ಕೆ ಹೊಸದಲ್ಲ. ಮಾನಸಿಕ ಕಾಯಿಲೆ ಇರುವ ಬಾಣಂತಿಯರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲೇ ತಾಯಿ-ಮಗುವಿನ ವಾರ್ಡ್ ತೆರೆಯಿತು. ತೂಕ ಕಡಿಮೆ ಇರುವ ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯನ್ನು ನಮ್ಮ ಆಶಾ ಕಾರ್ಯಕರ್ತೆಯರೂ ಹೇಳಿಕೊಡುತ್ತಾರೆ. ಹಿಂತೆಗೆತದ ಕೂಸಿಗೆ ಬೇಕಾದದ್ದೂ ಬಹುಮಟ್ಟಿಗೆ ಅದೇ. ವ್ಯಸನ ಬಿಡಬೇಕೆನ್ನುವವರಿಗೆ, ಅವರ ಮನೆಯವರಿಗೆ 14446 ಎಂಬ ಉಚಿತ ಸಹಾಯವಾಣಿ ಇದೆ. ಮನಸ್ಸಿನ ತೊಳಲಾಟಕ್ಕೆ ಟೆಲಿ-ಮನಸ್ 14416 ಇದೆ.

ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿತು. ಗುರಿ ಇದ್ದದ್ದು 4,000 ಪಂಚಾಯಿತಿ. ಅದನ್ನು ಬಜೆಟ್ಟಿನ ಇನ್ನೊಂದು ಯೋಜನೆ ಎಂದು ನೋಡುವವರು ಬಾಳಗೋಳಿಯನ್ನು ನೆನೆಯಬೇಕು. ನಿಮ್ಮ ಪಂಚಾಯಿತಿಯ ಕೂಸಿನ ಮನೆಯ ಬಾಗಿಲು ತೆರೆದಿದೆಯೇ, ಕೂಸುಗಳನ್ನು ನೋಡಿಕೊಳ್ಳುವವರಿಗೆ ಕೂಲಿ ಸರಿಯಾಗಿ ಬರುತ್ತಿದೆಯೇ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಕೂಸು ಅಳುವಾಗ ಎತ್ತಿಕೊಳ್ಳಲು ಒಬ್ಬರಿರಬೇಕು. ಅದನ್ನು ತಾಯಿಯೊಬ್ಬಳ ಹೆಗಲಿಗೇ ಹೊರಿಸಿದ ಕಾಲದಲ್ಲಿ ಏನಾಯಿತು ಎಂಬುದು ಡಾ. ಬಾರ್ನ್ಸ್ ಅವರ ವರದಿಯಲ್ಲಿದೆ.