ಪ್ರೊಫೈಲ್

ಸಾಮಾಜಿಕ ಜಾಲತಾಣಗಳಲ್ಲಿ ಹೆಸರು, ಊರು, ಫೋಟೊ ತುಂಬಿಸುವ ‘ಪ್ರೊಫೈಲ್’ ಎಲ್ಲರಿಗೂ ಗೊತ್ತು. ಕಂಪೈಲರ್ ಬಲ್ಲವರಿಗೆ ಅದರ ಅರ್ಥವೇ ಬೇರೆ: ಪ್ರೋಗ್ರಾಮ್ ಓಡುವಾಗ ಅದರ ಯಾವ ಭಾಗ ಎಷ್ಟು ಸಲ ನಡೆಯಿತೆಂಬ ಲೆಕ್ಕ.

ಪದದ ಬೇರು ಲ್ಯಾಟಿನ್ನಿನ ‘ಫೀಲುಮ್’, ಎಂದರೆ ನೂಲು. ಅದರಿಂದ ಇಟಾಲಿಯನ್ನಿನ ‘ಪ್ರೊಫಿಲೊ’, ಹೊರರೇಖೆ. ಇಂಗ್ಲಿಷಿಗೆ ಬಂದದ್ದು 17ನೇ ಶತಮಾನದಲ್ಲಿ.

ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ 1971ರಲ್ಲಿ ಫೋರ್ಟ್ರಾನ್ ಪ್ರೋಗ್ರಾಮ್‌ಗಳನ್ನು ಪರಿಶೀಲಿಸಿದಾಗ, ಸಾಮಾನ್ಯವಾಗಿ ಶೇ. 4ಕ್ಕಿಂತ ಕಡಿಮೆ ಭಾಗವೇ ಓಟದ ಅರ್ಧಕ್ಕೂ ಹೆಚ್ಚು ಸಮಯ ನುಂಗುವುದು ಕಂಡಿತು. ಆ ಸಣ್ಣ ಭಾಗ ಯಾವುದೆಂದು ಹೇಳುವುದೇ ಪ್ರೊಫೈಲ್.

ಜಿಸಿಸಿ ಕಂಪೈಲರಿನಲ್ಲಿ ಪ್ರೊಫೈಲ್ ತೆಗೆದು ಬಳಸಲು ಎರಡು ಆಯ್ಕೆಗಳಿವೆ. ಮೊದಲು ‘-ಎಫ್‌ಪ್ರೊಫೈಲ್-ಜನರೇಟ್’ ಕೊಟ್ಟು ಕಂಪೈಲ್ ಮಾಡಿದರೆ ಪ್ರೋಗ್ರಾಮಿನೊಳಗೆ ಎಣಿಕೆಯ ಸಾಲುಗಳು ಸೇರುತ್ತವೆ. ಅದನ್ನು ಓಡಿಸಿದಾಗ ಲೆಕ್ಕ ‘.ಜಿಸಿಡಿಎ’ ಕಡತಗಳಲ್ಲಿ ಉಳಿಯುತ್ತದೆ. ಆಮೇಲೆ ‘-ಎಫ್‌ಪ್ರೊಫೈಲ್-ಯೂಸ್’ ಕೊಟ್ಟು ಮತ್ತೆ ಕಂಪೈಲ್ ಮಾಡಬೇಕು. ‘ಇಫ್’ ಬಂದಲ್ಲಿ ಹೆಚ್ಚು ಸಲ ಹಿಡಿಯುವ ದಾರಿ ಯಾವುದು, ಯಾವ ಫಂಕ್ಷನ್ನನ್ನು ಕರೆದಲ್ಲೇ ಬಿಡಿಸಿ ಬರೆಯಬೇಕು, ಅಪರೂಪದ ಕೋಡನ್ನು ಎಲ್ಲಿ ದೂರ ಇಡಬೇಕು ಎಂಬುದನ್ನು ಕಂಪೈಲರ್ ಈಗ ಊಹಿಸಬೇಕಿಲ್ಲ, ಲೆಕ್ಕ ನೋಡಿ ತೀರ್ಮಾನಿಸುತ್ತದೆ.

ಪೈಥಾನನ್ನು ಮೂಲಕೋಡಿನಿಂದ ಕಟ್ಟುವಾಗ ‘--ಎನೇಬಲ್-ಆಪ್ಟಿಮೈಸೇಷನ್ಸ್’ ಕೊಟ್ಟರೆ ನಡೆಯುವುದೂ ಇದೇ. ಅದರ ಪರೀಕ್ಷೆಗಳನ್ನೇ ಓಡಿಸಿ ಲೆಕ್ಕ ಹಿಡಿಯಲಾಗುತ್ತದೆ.

ಒಂದು ಎಚ್ಚರ ಮಾತ್ರ ಬೇಕು. ನಿಜವಾದ ಬಳಕೆಗೆ ಹೋಲದ ಮಾಹಿತಿ ಕೊಟ್ಟು ಓಡಿಸಿದರೆ ಲೆಕ್ಕವೂ ದಾರಿ ತಪ್ಪಿಸುತ್ತದೆ. ಆದ್ದರಿಂದ ನಿಮ್ಮ ಬಳಕೆದಾರರು ದಿನವೂ ಮಾಡುವ ಕೆಲಸವನ್ನೇ ಮಾಡಿಸಿ ಪ್ರೊಫೈಲ್ ತೆಗೆಯಿರಿ.