ಸೂಜಿಯ ಮುಚ್ಚಳದ ಕಥೆ

ನಮ್ಮ ಚಿಕ್ಕಮ್ಮ ಬಹಳ ವರ್ಷ ನರ್ಸ್ ಆಗಿದ್ದವರು. ಮೊನ್ನೆ ಊರಿಗೆ ಹೋಗಿದ್ದಾಗ ಹೀಗೇ ಮಾತಿನ ಮಧ್ಯೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ ರೋಗಿಗೆ ಚುಚ್ಚಿದ ಸೂಜಿ ತಮ್ಮ ಬೆರಳಿಗೂ ಚುಚ್ಚಿತ್ತು, ಯಾರಿಗೂ ಹೇಳಲಿಲ್ಲ ಅಂದರು. ಯಾಕೆ ಅಂದೆ. "ಹೇಳಿದ್ರೆ ಬೈಸ್ಕೋಬೇಕಲ್ಲೋ, ನಿನ್ನ ಗಮನ ಎಲ್ಲಿತ್ತು ಅಂತ!"

ಬಗ್ ಬಂದರೆ 'ಯೂಸರ್ ತಪ್ಪು' ಅಂತ ಟಿಕೆಟ್ ಮುಚ್ಚಿಬಿಡುವ ಚಟ ನಮ್ಮ ಸಾಫ್ಟ್‌ವೇರಿನವರಿಗೂ ಇದೆ. ಅದಕ್ಕೇ ಏನೋ, ರಾತ್ರಿ ಕೂತು ಸೂಜಿಯ ಇತಿಹಾಸ ಓದಿದೆ.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಿಡೋದು ಜಾಗ್ರತೆ ಅಂತಲೇ ಅನ್ನಿಸುತ್ತೆ ಅಲ್ವಾ? ಅಪಾಯ ಇರೋದೇ ಅಲ್ಲಿ. ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಚಿಕ್ಕ ಮುಚ್ಚಳ, ಗುರಿ ಸ್ವಲ್ಪ ತಪ್ಪಿದರೆ ಬೆರಳು. 1984ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ, ಸೂಜಿ ಚುಚ್ಚಿದ್ದರಿಂದ ಏಡ್ಸ್ ವೈರಸ್ ತಗುಲಿದ ಪ್ರಕರಣ ವರದಿಯಾಯಿತು. 1987ರಲ್ಲಿ ಅಮೆರಿಕದ ಸಿಡಿಸಿ, ಪ್ರತಿ ರೋಗಿಯ ರಕ್ತದಲ್ಲೂ ಸೋಂಕಿದೆ ಅಂದುಕೊಂಡೇ ಕೆಲಸ ಮಾಡಿ, ಮುಚ್ಚಳ ಹಾಕಬೇಡಿ ಅಂದಿತು.

ಬುದ್ಧಿ ಹೇಳಿದ ಮಾತ್ರಕ್ಕೆ ನಿಲ್ಲುತ್ತಾ? ವರ್ಜೀನಿಯಾ ವಿಶ್ವವಿದ್ಯಾಲಯದ ಜನೀನ್ ಜ್ಯಾಗರ್ ಮತ್ತು ಸಂಗಡಿಗರು 1988ರಲ್ಲಿ ಇಂಥ 326 ಗಾಯಗಳ ಅಧ್ಯಯನ ಪ್ರಕಟಿಸಿದರು. ಸುಮಾರು ಮೂರನೇ ಒಂದು ಭಾಗ ಮುಚ್ಚಳ ಹಾಕುವುದಕ್ಕೆ ಸಂಬಂಧಿಸಿದ್ದು. ಆದರೆ ಇವರು ಬೈಯಲಿಲ್ಲ, ಯಾಕೆ ಹಾಕಿದಿರಿ ಅಂತ ಕೇಳಿದರು. ತೆರೆದ ಸೂಜಿಗಳನ್ನು ಹಿಡ್ಕೊಂಡು ಕಸದ ಡಬ್ಬಿಯವರೆಗೆ ಹೋಗೋದು ಇನ್ನೂ ಅಪಾಯ ಅನ್ನೋದು ಒಂದು ಉತ್ತರ! ಬಳಸಿದ ಮೇಲೆ ಬಿಡಿಸಿ ಬೇರೆ ಮಾಡಬೇಕಾದ ಉಪಕರಣಗಳಲ್ಲಿ ಗಾಯದ ಪ್ರಮಾಣ, ಸಾಮಾನ್ಯ ಸಿರಿಂಜಿಗಿಂತ 5.3 ಪಟ್ಟಿನವರೆಗೂ ಇತ್ತು. ಅಂದರೆ ತಪ್ಪು ಡಿಸೈನಿನದು.

1991ರಲ್ಲಿ ಅಲ್ಲಿ ಬಂದ ನಿಯಮ ಸಣ್ಣ ಕ್ಲಿನಿಕ್‌ಗಳಿಗೂ ಅನ್ವಯಿಸಿತು. ಹೆಪಟೈಟಿಸ್ ಬಿ ಲಸಿಕೆಯನ್ನು ಸಿಬ್ಬಂದಿಗೆ ಪುಕ್ಕಟೆ ಕೊಡಬೇಕಾಯಿತು. 2000ದ ನವೆಂಬರ್ 6ರಂದು ಕ್ಲಿಂಟನ್ ಸಹಿ ಹಾಕಿದ ಕಾಯ್ದೆಯಂತೂ, ಸುರಕ್ಷಿತ ಸೂಜಿ ಆರಿಸುವಾಗ ಅದನ್ನು ಬಳಸುವ ಕೆಲಸಗಾರರನ್ನೇ ಕೇಳಿ ಅಂದಿತು. (ನಮ್ಮಲ್ಲಿ ಯೂಸರನ್ನು ಕೇಳೋದು ರಿಲೀಸ್ ಆದ ಮೇಲೆ!)

ಚಿಕ್ಕಮ್ಮನ ಹಾಗೆ ಮುಚ್ಚಿಟ್ಟರೆ ಏನಾಗುತ್ತೆ ನೋಡಿ. ಚುಚ್ಚಿದ ಕೂಡಲೇ ಸೋಪು, ನೀರಿನಲ್ಲಿ ತೊಳೆದು ವೈದ್ಯರಿಗೆ ಹೇಳಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಕೆಲವೇ ಗಂಟೆಗಳಲ್ಲಿ, ತಡವೆಂದರೆ 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗಬೇಕು. ಎಚ್‌ಐವಿ ಇರುವವರ ರಕ್ತವಾದರೂ ಅಪಾಯ ಸುಮಾರು 0.3 ಶೇಕಡ. ಹೆಪಟೈಟಿಸ್ ಬಿ ಆದರೆ, ಲಸಿಕೆ ಇಲ್ಲದವರಿಗೆ 30 ಶೇಕಡದವರೆಗೂ ಹೋಗುತ್ತೆ. ಬೈಗುಳದ ಹೆದರಿಕೆಗೆ ಕಳೆದುಹೋಗೋದು ಆ ಗಂಟೆಗಳು.

ಬೆಳಿಗ್ಗೆ ಚಿಕ್ಕಮ್ಮನಿಗೆ ಫೋನ್ ಮಾಡಿ, ಮುಚ್ಚಳ ಯಾಕೆ ಹಾಕ್ತಿದ್ರಿ ಅಂತ ಕೇಳಿದೆ.

"ಹಾಗೇ ಟ್ರೇಲಿ ಬಿಟ್ರೆ ತೊಳೆಯೋ ಆಯಾ ಕೈಗೆ ಚುಚ್ಚುತ್ತಲ್ಲೋ, ಪಾಪ!"