ವೆನಿಲ್ಲಾ ಪರಿಮಳದ ಹಿಂದೆ ಇದ್ದ ಆ ಹುಡುಗ ಯಾರು?

ಮಕ್ಕಳು ಐಸ್‌ಕ್ರೀಂ ಬೇಕು ಅಂತ ಹಟ ಹಿಡಿದರೆ ನಾವು ಮೊದಲು ಕೊಡಿಸೋದು ವೆನಿಲ್ಲಾ. ಬೇಕರಿ ಕೇಕ್ ಇರಲಿ, ಮನೆಯಲ್ಲಿ ಮಾಡೋ ಕಸ್ಟರ್ಡ್ ಇರಲಿ, ಒಂದು ಚಮಚ ಎಸೆನ್ಸ್ ಬಿದ್ದರೆ ಸಾಕು, ಮೊಟ್ಟೆಯ ವಾಸನೆ ಅಡಗಿ ಘಮ ಅನ್ನುತ್ತೆ. ಆದರೆ ಈ ಘಮ ಜಗತ್ತಿನ ಅಡುಗೆಮನೆಗೆ ಬಂದಿದ್ದು 12 ವರ್ಷದ ಒಬ್ಬ ಗುಲಾಮ ಹುಡುಗನ ಬೆರಳಿನಿಂದ. ಅವನ ಹೆಸರು ಎಷ್ಟು ಜನರಿಗೆ ಗೊತ್ತು ಹೇಳಿ?

ವೆನಿಲ್ಲಾ ಮೂಲತಃ ಮೆಕ್ಸಿಕೋದ ಆರ್ಕಿಡ್ ಬಳ್ಳಿ. ಅಲ್ಲಿನ ಅಜ್ಟೆಕ್ ಜನ ಅದನ್ನು ಚಾಕೊಲೇಟ್ ಪಾನೀಯಕ್ಕೆ ಬೆರೆಸುತ್ತಿದ್ದರು. ಸ್ಪೇನಿನವರು ಯುರೋಪಿಗೆ ಒಯ್ದರು, ಶ್ರೀಮಂತರು ಮರುಳಾದರು. ಮುಂದೆ ಫ್ರೆಂಚರು ಈ ಬಳ್ಳಿಯನ್ನು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ನೆಟ್ಟರು. ಬಳ್ಳಿ ಹಬ್ಬಿತು, ಹೂವೂ ಬಿಟ್ಟಿತು. ಕಾಯಿ ಮಾತ್ರ ಇಲ್ಲ!

ಯಾಕೆ? ಈ ಹೂವಿನೊಳಗೆ ಗಂಡು ಭಾಗಕ್ಕೂ ಹೆಣ್ಣು ಭಾಗಕ್ಕೂ ನಡುವೆ ಒಂದು ತೆಳ್ಳನೆಯ ಪೊರೆ ಇದೆ. ಹೂ ಅರಳೋದೂ ಒಂದೇ ದಿನ. ಅಷ್ಟರಲ್ಲಿ ಪರಾಗ ದಾಟದಿದ್ದರೆ ಹೂ ಉದುರಿ ಹೋಯ್ತು. 1836ರಲ್ಲಿ ಬೆಲ್ಜಿಯಂನ ಸಸ್ಯವಿಜ್ಞಾನಿ ಚಾರ್ಲ್ಸ್ ಮೊರೆನ್ ಗಾಜಿನ ಮನೆಯಲ್ಲಿ ಕಾಯಿ ಬಿಡಿಸಿದ್ದು ನಿಜ. ತೋಟದ ರೈತನಿಗೆ ಅದರಿಂದ ಪ್ರಯೋಜನ ಆಗಲಿಲ್ಲ.

1841. ರಿಯೂನಿಯನ್‌ನ ಬೆಲಿಯೆ-ಬೋಮೋಂ ಎಂಬ ಜಮೀನ್ದಾರ ತನ್ನ ತೋಟದಲ್ಲಿ ಅಡ್ಡಾಡುವಾಗ, ವರ್ಷಗಟ್ಟಲೆ ಬಂಜೆಯಾಗಿದ್ದ ಬಳ್ಳಿಯಲ್ಲಿ ಕಾಯಿ ಕಂಡ. ಜೊತೆಗಿದ್ದ ಎಡ್ಮಂಡ್ ಅದು ತನ್ನ ಕೆಲಸ ಅಂದ. ಒಡೆಯ ನಂಬಲಿಲ್ಲ. ಹಾಗಾದರೆ ಮಾಡಿ ತೋರಿಸು ಅಂದಾಗ ಹುಡುಗ ಒಂದು ಸಣ್ಣ ಕಡ್ಡಿಯಿಂದ ಪೊರೆ ಎತ್ತಿದ, ಹೆಬ್ಬೆರಳಿನಿಂದ ಪರಾಗ ಒತ್ತಿದ. ಅಷ್ಟೇ! ಕಲ್ಲಂಗಡಿ ಜಾತಿಯ ಬಳ್ಳಿಗೆ ಒಡೆಯ ಹಿಂದೆ ಮಾಡಿ ತೋರಿಸಿದ್ದನ್ನು ನೋಡಿ, ಹುಡುಗ ತಾನೇ ಯೋಚಿಸಿ ಕಂಡುಕೊಂಡ ಉಪಾಯ ಅದು.

ಎಡ್ಮಂಡ್‌ನನ್ನು ತೋಟದಿಂದ ತೋಟಕ್ಕೆ ಕರೆಸಿಕೊಂಡರು, ಕಲಿತರು, ಹಣ ಮಾಡಿದರು. ದ್ವೀಪ ಮೆಕ್ಸಿಕೋವನ್ನೇ ಹಿಂದಿಕ್ಕಿತು. ವಿದ್ಯೆ ಮಡಗಾಸ್ಕರ್‌ಗೂ ಹೋಯಿತು. ಹುಡುಗನಿಗೆ ಏನು ಸಿಕ್ಕಿತು?

1848ರಲ್ಲಿ ಫ್ರಾನ್ಸ್ ಗುಲಾಮಗಿರಿ ರದ್ದು ಮಾಡಿತು. ನೋಡಿ ನ್ಯಾಯ ಹೇಗಿದೆ: ಪರಿಹಾರ ಸಿಕ್ಕಿದ್ದು ಒಡೆಯರಿಗೆ! ಎಡ್ಮಂಡ್‌ಗೆ ಸಿಕ್ಕಿದ್ದು ಆಲ್ಬಿಯಸ್ ಅನ್ನೋ ಉಪನಾಮ. ಪಟ್ಟಣದಲ್ಲಿ ಅಡುಗೆಮನೆ ಆಳಾದ. ಒಡವೆ ಕದ್ದ ಅಂತ ಜೈಲು ಸೇರಿದ. ದ್ವೀಪಕ್ಕೆ ಅವನಿಂದಾದ ಉಪಕಾರ ನೆನೆದು ಅವಧಿಗೆ ಮೊದಲೇ ಬಿಟ್ಟರು. ಅಷ್ಟರಲ್ಲಿ ರಿಷಾರ್ ಎಂಬ ಸಸ್ಯತಜ್ಞ ಇದನ್ನು ಕಲಿಸಿದ್ದೇ ನಾನು ಅಂತ ಹೇಳಿಕೊಂಡ. ಹುಡುಗನ ಪರವಾಗಿ ಬರೆದು ನಿಂತವನು ಅದೇ ಹಳೇ ಒಡೆಯ. ಆದರೂ 1880ರಲ್ಲಿ ಎಡ್ಮಂಡ್ ಬಡವನಾಗಿಯೇ ಸತ್ತ.

ನಮ್ಮ ಮಲೆನಾಡಿನವರಿಗೆ ಈ ಕಡ್ಡಿಯ ಕೆಲಸ ಹೊಸದಲ್ಲ. 2000ದ ನಂತರ ಮಡಗಾಸ್ಕರ್‌ನ ಚಂಡಮಾರುತದಿಂದ ಬೆಲೆ ಏರಿದಾಗ, ಅಡಿಕೆ, ಕಾಫಿ ತೋಟಗಳ ನಡುವೆ ವೆನಿಲ್ಲಾ ಹಬ್ಬಿತು. ಬೆಳಗಾಗುತ್ತಲೇ ಹೂ ಹೂವಿಗೂ ಕಡ್ಡಿ ಮುಟ್ಟಿಸಿದರು, ರಾತ್ರಿ ಕಳ್ಳರನ್ನು ಕಾದರು. ಕೆಲವೇ ವರ್ಷಗಳಲ್ಲಿ ಬೆಲೆ ನೆಲ ಕಚ್ಚಿತು. ಬಳ್ಳಿ ಕಿತ್ತು ಎಸೆದವರು ಎಷ್ಟೋ ಜನ. ಎಡ್ಮಂಡ್‌ನ ಬೆರಳ ವಿದ್ಯೆಯನ್ನೇ ಮಾಡಿದ ಇವರ ಕಥೆಯೂ ಅದೇ ಆಯ್ತಲ್ಲ! ದುಡಿದ ಕೈ ಬರಿಗೈ.

ಇಂದು ಅಗ್ಗದ ಎಸೆನ್ಸ್ ಬಹುತೇಕ ಕಾರ್ಖಾನೆಯ ರಾಸಾಯನಿಕ. ಅಸಲಿ ವೆನಿಲ್ಲಾ ಕಾಯಿಯ ಹಿಂದೆ ಮಾತ್ರ ಇವತ್ತಿಗೂ ಒಂದು ಮನುಷ್ಯನ ಕೈ ಇದೆ. ಮುಂದಿನ ಸಲ ಐಸ್‌ಕ್ರೀಂ ಬಾಯಿಗಿಡುವಾಗ ಮಕ್ಕಳಿಗೆ ಆ ಹೆಸರು ಹೇಳಿ. ಎಡ್ಮಂಡ್ ಆಲ್ಬಿಯಸ್. ಅವನಿಗೆ ಸಂಬಳವಂತೂ ಸಿಗಲಿಲ್ಲ, ಹೆಸರಾದರೂ ಸಿಗಲಿ.